ಬಿಡು ಅಂದರೆ ಯಾವ ಬಿಡು

ಮಾರ್ಚ್ 3, ಮಂಗಳವಾರ

ಹಾಕಿ ಆಟದ ನನ್ನ ಕಾಲಿನ ಪ್ಯಾಡ್ ಇನ್ನೂ ಒಣಗಿಲ್ಲ. ಬಾಲ್ಕನಿಯಲ್ಲಿ ಹರವಿದ್ದೇನೆ. ಅಮ್ಮನ ಬೆಳಗಿನ ಮೊದಲ ಮಾತು — ಹೆಗ್ಗಣ ಸತ್ತ ವಾಸನೆ ಒಳಗೆ ಬರ್ತಿದೆ, ಬಾಗಿಲು ಹಾಕು. ಹಾಕಿದೆ. ಹಾಕಿದರೂ ಬರುತ್ತದೆ. ಗೋಲ್‌ಕೀಪರ್ ಇರುವ ಮನೆ ಇದಕ್ಕಿಂತ ಚೆನ್ನಾಗಿ ಘಮಘಮಿಸುವುದಿಲ್ಲ.

ಭಾನುವಾರದ ನಾಲ್ಕು–ಸೊನ್ನೆ ಗಂಟಲಲ್ಲೇ ಇದೆ. ಮೊದಲ ಎರಡು ಗೋಲು ಅವರ ಆಟ, ಒಪ್ಪುತ್ತೇನೆ. ನಾಲ್ಕನೆಯದು ನಮ್ಮ ಸುಸ್ತು. ಮೂರನೆಯದು ಮಾತ್ರ... ಗೋಲಿನ ಮುಂದಿನ ಅರ್ಧವೃತ್ತ, ಡಿ, ಅದರ ಹೊರಗಿನಿಂದ ಯಾರೋ ಬೀಸಿ ಹೊಡೆದರು. ಹೊರಗಿನಿಂದ ಹೊಡೆದದ್ದು ಯಾರಿಗೂ ತಾಗದೆ ಒಳಗೆ ಬಂದರೂ ಗೋಲಲ್ಲ, ಲೆಕ್ಕಕ್ಕಿಲ್ಲ. "ಬಿಡು" ಅಂತ ಕೂಗಿದೆ, ಗಂಟಲು ಹರಿಯುವ ಹಾಗೆ. ನಮ್ಮ ಟೀಚರ್ — ವಾರವೆಲ್ಲ ಶಾಲೆಯಲ್ಲಿ ಗಣಿತ, ಭಾನುವಾರ ನನ್ನ ಮುಂದೆ ಗೋಡೆ — ಸ್ಟಿಕ್ ಎತ್ತಿ ಬೀಸಿದರು. ಅರ್ಧಂಬರ್ಧ ತಾಗಿತು. ಚೆಂಡು ಹೋಗಿ ಎದುರಾಳಿ ಹುಡುಗಿಯ ಸ್ಟಿಕ್ಕಿನ ಮುಂದೆ ಕೂತಿತು. ಅವಳು ಸುಮ್ಮನೆ ತಳ್ಳಿದಳು.

ಟೀಚರ್ ನನಗೆ ಬೈದರು. ನಾನು ಅವರಿಗೆ. ಅಂಪೈರ್ ಇಬ್ಬರಿಗೂ.

ಇದೆಲ್ಲ ತಂಗಿ ನೋಡಿದಳು, ಅದೇ ಸಂಕಟ. ಮೆಟ್ಟಿಲ ಮೇಲೆ ಟೋಪಿ ಎಳೆದುಕೊಂಡು ಕೂತಿದ್ದಳು. ದೇಶದ ತಂಡ ಆರಿಸುವ ಕ್ಯಾಂಪಿನಲ್ಲಿ ಎರಡು ವರ್ಷದಿಂದ ಇರುವವಳು. ತೊಡೆಯ ಸ್ನಾಯು ಎಳೆದಿದೆ ಅಂತ ರಜೆ ಹಾಕಿ ಬಂದಿದ್ದಾಳೆ. ಕ್ಯಾಂಪಿನ ಬಗ್ಗೆ ಕೇಳಿದರೆ "ಚೆನ್ನಾಗಿದೆ", ಅಲ್ಲಿಗೆ ಮುಗಿಯಿತು. ಊಟಕ್ಕೆ ಕರೆದರೆ ಬರುತ್ತಾಳೆ, ಕರೆಯದಿದ್ದರೆ ಇಲ್ಲ.

ನಾವು ಪಟ್ಟಿಯ ತಳದಲ್ಲಿದ್ದೇವೆ. ಲೀಗ್ ಮುಗಿಯುವಾಗಲೂ ಅಲ್ಲೇ ಇದ್ದರೆ ಟರ್ಫ್ ಮೈದಾನ ನಮಗಿಲ್ಲ, ಬೇರೆ ಕ್ಲಬ್ಬಿಗೆ. ಟರ್ಫ್ ಹೋದರೆ ಕ್ಲಬ್ ಹೋದ ಹಾಗೇ. ಆಮೇಲೆ ಭಾನುವಾರ ನಾನು ಏನು ಮಾಡಬೇಕು? ಬಟ್ಟೆ ಒಗೆಯಬೇಕು.

ಮಾರ್ಚ್ 5, ಗುರುವಾರ

ಪ್ರಾಕ್ಟೀಸಿಗೆ ಬಂದಳು! ನಾನು ಕರೆಯಲಿಲ್ಲ, ತಾನಾಗಿ ಚಪ್ಪಲಿ ಮೆಟ್ಟಿದಳು.

ಎಲ್ಲರಿಗೂ ಒಂದೇ ಆಸೆ — ಟಿವಿಯಲ್ಲಿ ನೋಡಿದ್ದನ್ನು ಕಲಿಸುತ್ತಾಳೆ ಅಂತ. ಬಸ್ಸು ಡ್ರ್ಯಾಗ್ ಫ್ಲಿಕ್ ಕೇಳಿದಳು, ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವುದು. ಬಸ್ಸು ಅಂದರೆ ನಮ್ಮ ಫಾರ್ವರ್ಡ್, ಮೆಡಿಕಲ್ ಶಾಪಿನ ಕೌಂಟರಿನವಳು. ಹೊರಟರೆ ನಿಲ್ಲುವುದಿಲ್ಲ, ನಿಂತರೆ ಹೊರಡುವುದಿಲ್ಲ, ಅದಕ್ಕೇ ಆ ಹೆಸರು. ಡ್ರ್ಯಾಗ್ ಫ್ಲಿಕ್ ಬೇಡ, ಅದಕ್ಕೆ ದಿನಾ ಒಂದು ತಾಸು ಬೇಕು, ಸೊಂಟವೂ ಬೇರೆ ಬೇಕು ಅಂದಳು ತಂಗಿ. ಬಸ್ಸು ತನ್ನ ಸೊಂಟ ನೋಡಿಕೊಂಡಳು.

ಆಮೇಲೆ ನನ್ನ ಕಡೆ ತಿರುಗಿ — "ಅಕ್ಕಾ, ಭಾನುವಾರ ನೀನು ಬಿಡು ಅಂದೆಯಲ್ಲ. ಯಾವ ಬಿಡು?"

ಯಾವ ಬಿಡು ಅಂದರೆ? ಚೆಂಡನ್ನು ಮುಟ್ಟಬೇಡ, ಹೋಗಲಿ ಬಿಡು.

ಟೀಚರಿಗೆ ಕೇಳಿದಳು. ಟೀಚರ್ ಗಂಭೀರವಾಗಿ, ಬಿಡು ಅಂದರೆ ಒಂದು ಬಿಡು, ಬಾರಿಸು ಅಂತ ತಿಳಿದೆ ಅಂದರು. ತಮ್ಮ ಕ್ಲಾಸಿನ ಹಿಂದಿನ ಬೆಂಚಿನವರು ದಿನಾ ಆಡುವ ಭಾಷೆ ಅದೇ ಅಂತೆ, ಎರಡು ಬಿಡ್ತೀನಿ ನೋಡು ಅಂತ. ಬಸ್ಸುವಿಗೆ ಕೇಳಿದಳು. ಅವಳು ಓಡಿ ಬರುತ್ತಿದ್ದವಳು ನಡುವೆ ನಿಂತುಬಿಟ್ಟಿದ್ದಳಲ್ಲ, ಯಾಕೆ ಅಂತ. "ನಂಗೆ ಸಮಾಧಾನ ಮಾಡಿದ್ರು ಅಂದ್ಕೊಂಡೆ. ಗೋಲ್ ಆಯ್ತು, ಬಿಡು, ತಲೆ ಕೆಡಿಸ್ಕೋಬೇಡ ಅಂತ."

ನಗು ನಿಲ್ಲಲಿಲ್ಲ. ಟೀಚರ್ ಟರ್ಫಿನ ಮೇಲೇ ಕೂತುಬಿಟ್ಟರು. ತಂಗಿ ಮಾತ್ರ ನಗಲಿಲ್ಲ.

ದೇಶಕ್ಕೆ ಆಡುವ ಮೇಲಿನವರ ಆಟದಲ್ಲಿ ಕಾಲಿಗಿಂತ ಹೆಚ್ಚು ಓಡುವುದು ಬಾಯಂತೆ. ಕ್ಯಾಮರಾಕ್ಕೆ ಕೇಳಿಸುವುದಿಲ್ಲ ಅಷ್ಟೇ. ಚೆಂಡು ಬರುವ ಮೊದಲೇ ಹೆಸರು, ಹೆಸರಾದ ಮೇಲೆ ಒಂದು ಪದ, ಆ ಪದಕ್ಕೆ ಒಂದೇ ಅರ್ಥ. ಇವತ್ತಿನಿಂದ ಬಿಡು ಬಂದ್. ಮುಟ್ಟಬೇಡ ಅನ್ನಲು "ನಂದು". ಬಾರಿಸು ಅನ್ನಲು "ದೂರ". ಪಾಸಿಗೆ "ಕೊಡು". ಸಮಾಧಾನ ಮ್ಯಾಚ್ ಮುಗಿದ ಮೇಲೆ. ಬಾಯಿ ತಪ್ಪಿ ಬಿಡು ಅಂದವರು ಗ್ರೌಂಡ್ ಸುತ್ತಬೇಕು.

ಅತಿ ಹೆಚ್ಚು ಸುತ್ತಿದವಳು ನಾನು. ಪ್ಯಾಡ್ ಸಮೇತ.

ಮಾರ್ಚ್ 9, ಸೋಮವಾರ

ನಿನ್ನೆ ಒಂದು–ಒಂದು. ಸೋಲಲಿಲ್ಲ!

ಟೀಚರ್ ಸಿಟ್ಟಾಗಿದ್ದಾರೆ. ಎರಡನೇ ಕ್ವಾರ್ಟರಿನಲ್ಲಿ, ಈಗ ಬದಿಯಲ್ಲಿ ನಿಂತು ನಮ್ಮನ್ನು ಆಡಿಸುವ ತಂಗಿ, ಅವರನ್ನು ಆಟದಿಂದ ಹೊರಗೆ ಕರೆದಳು. ಏನು ತಪ್ಪು ಮಾಡಿದೆ ಅಂತ ಕೇಳಿದರು, ಎಲ್ಲರಿಗೂ ಕೇಳುವ ಹಾಗೆ. ನಮ್ಮಲ್ಲಿ ಹೊರಗೆ ಬರುವುದೆಂದರೆ ಕಾಲು ಮುರಿದಿರಬೇಕು, ಇಲ್ಲವೇ ಮರ್ಯಾದೆ ಹೋಗಿರಬೇಕು. ಮೇಲಿನವರು ಹಾಗಲ್ಲವಂತೆ. ಪ್ರಾಣ ಬಿಟ್ಟು ಓಡು, ಹೊರಗೆ ಬಾ, ಉಸಿರು ತಗೊ, ಮತ್ತೆ ಒಳಗೆ ಹೋಗು — ನಿಮಿಷ ನಿಮಿಷಕ್ಕೆ. ನಾವು ಪೂರ್ತಿ ಆಟ ಆಡಿದೆವು ಅಂತ ಜಂಭ ಪಡುತ್ತೇವೆ, ಕೊನೆಯ ಕ್ವಾರ್ಟರ್ ನಡೆದುಕೊಂಡು ಆಡುತ್ತೇವೆ.

"ಬೆಂಚು ಶಿಕ್ಷೆ ಅಲ್ಲ, ಟೀಚರ್" ಅಂದಳು ತಂಗಿ. ಅಂದವಳು ನೀರಿನ ಬಾಟಲಿ ತುಂಬಲು ಹೋದಳು. ಬಾಟಲಿ ತುಂಬಿಯೇ ಇತ್ತು.

ಬಾಟಲಿಯ ವಿಷಯ ಅಮ್ಮನಿಗೆ ಹೇಳಲಿಲ್ಲ.

ಮಾರ್ಚ್ 12, ಗುರುವಾರ

ಅಂಗಡಿಯಲ್ಲಿ ಒಂದು ಲೆನ್ಸ್ ಒಡೆದೆ. ಕನ್ನಡಕದ ಅಂಗಡಿಯ ಹಿಂಬದಿ ಕೋಣೆ, ಕಿಟಕಿ ಇಲ್ಲ, ಯಂತ್ರದ ಮುಂದೆ ದಿನವಿಡೀ ಗಾಜಿನ ಅಂಚು ತೇಯುವ ಕೆಲಸ. ತಲೆಯಲ್ಲಿ ಪೆನಾಲ್ಟಿ ಕಾರ್ನರ್ ಓಡುತ್ತಿತ್ತು. ಯಜಮಾನರು ಚೂರು ನೋಡಿದರು, ನನ್ನನ್ನು ನೋಡಿದರು, ಪೊರಕೆ ತಂದಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ತಂಗಿ ಹೊಸದೊಂದು ಹಚ್ಚಿದ್ದಾಳೆ. ಚೆಂಡು ಬರುವ ಮೊದಲು ಭುಜದ ಮೇಲಿಂದ ಹಿಂದೆ ನೋಡಬೇಕು, ಎರಡು ಸಲ. ಬಂದ ಮೇಲೆ ನೋಡಿದರೆ ತಡವಾಯಿತು. ಬಸ್ಸು ಈಗ ಔಷಧಿ ಕೊಡುವಾಗಲೂ ಹಿಂದೆ ನೋಡುತ್ತಾಳಂತೆ. ಗಿರಾಕಿಗಳು ಹೆದರುತ್ತಾರೆ.

ಮಾರ್ಚ್ 16, ಸೋಮವಾರ

ಗೆದ್ದೆವು. ಎರಡು–ಸೊನ್ನೆ. ಈ ಸೀಸನ್ನಿನ ಮೊದಲ ಗೆಲುವು.

ನಾನು ಗೋಲಿನಿಂದ ಕೂಗಿದ್ದೆಲ್ಲ ಅರ್ಥವಾಯಿತು. ಹೆಸರು, ಪದ, ಮುಗೀತು. ನಾನು ಎರಡು ಸಲ "ನಂದು" ಅಂದಾಗ ಟೀಚರ್ ಎರಡು ಸಲವೂ ಮುಟ್ಟಲಿಲ್ಲ. ಕಣ್ಣಲ್ಲಿ ನೀರು ಬಂತು, ಹೆಲ್ಮೆಟ್ ಇತ್ತು, ಯಾರಿಗೂ ಕಾಣಲಿಲ್ಲ. ಬೇರೆಯವರು ಇಷ್ಟು ವರ್ಷ ಹೀಗೆಯೇ ಆಡುತ್ತಿದ್ದರೇನೋ, ನಾವು ಮಾತ್ರ ಹನ್ನೊಂದು ಜನ ಹನ್ನೊಂದು ಆಟ ಆಡುತ್ತಿದ್ದೆವು.

ತಂಗಿ ನಕ್ಕಳು. ಹಲ್ಲು ಕಾಣುವ ಹಾಗೆ. ಬಸ್ಸು ಅವಳನ್ನು ಎತ್ತಿಕೊಂಡು ಓಡಿದಳು, ತೊಡೆ ಜೋಪಾನ ಅಂತ ನಾನು ಹಿಂದೆ ಓಡಿದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳದೇ ಮಾತು. ಚಿಕ್ಕವಳಿದ್ದಾಗ ಹೀಗೆಯೇ ಇದ್ದಳು, ಬಾಯಿಗೆ ಬೀಗ ಇರಲಿಲ್ಲ.

ಇನ್ನು ಮೂರು ಮ್ಯಾಚ್. ಇವಳಿದ್ದರೆ ಉಳಿಯುತ್ತೇವೆ.

ಮಾರ್ಚ್ 18, ಬುಧವಾರ, ಸಂಜೆ 7

ಕ್ಯಾಂಪಿನಿಂದ ಫೋನ್. ಸಹಾಯಕ ಕೋಚ್ ಮೇಡಂ. ಒಬ್ಬ ಡಿಫೆಂಡರಿಗೆ ಮೂಳೆ ಬಿರುಕು ಬಿಟ್ಟಿದೆಯಂತೆ. ಮುಂದಿನ ಟೂರಿಗೆ ಒಂದು ಜಾಗ ಖಾಲಿ. ಸೋಮವಾರದೊಳಗೆ ಬಂದರೆ ಅದು ಇವಳದಾಗಬಹುದು. ಶುಕ್ರವಾರ ಹೇಳಬೇಕು.

ನಾನು ಅಡುಗೆಮನೆಯಲ್ಲಿ ಪ್ಯಾಡಿನ ಬಕಲ್ ಹೊಲಿಯುತ್ತಿದ್ದೆ. ತಂಗಿ ಬಾಗಿಲಿಗೆ ಒರಗಿ ನಿಂತಳು. ಆಗ ಬಂತು, ಇಷ್ಟು ದಿನ ಬಾರದ ಮಾತೆಲ್ಲ. ಎರಡು ವರ್ಷದಲ್ಲಿ ಒಂದೂ ದೊಡ್ಡ ಮ್ಯಾಚ್ ಆಡಿಲ್ಲ. ಪ್ರಾಕ್ಟೀಸಿನಲ್ಲಿ ಇವಳಿಗೆ ಜೆರ್ಸಿ ಮೇಲೆ ಹಾಕುವ ಬೇರೆ ಬಣ್ಣದ ಬಿಬ್ ಕೊಡುತ್ತಾರೆ. ಈ ವಾರ ಈ ದೇಶದವರ ಹಾಗೆ ಆಡು, ಮುಂದಿನ ವಾರ ಆ ದೇಶದವರ ಹಾಗೆ ಆಡು, ನಮ್ಮವರು ನಿನ್ನ ಮೇಲೆ ಅಭ್ಯಾಸ ಮಾಡಲಿ ಅಂತ. ತನ್ನ ಹಾಗೆ ಆಡುವುದೇ ಮರೆತುಹೋಗಿದೆ ಅಂದಳು. ಈಗ ಹೋಗಿ ಮತ್ತೆ ಬೆಂಚಿನಲ್ಲೇ ಕೂರಿಸಿದರೆ ತಡೆಯಲಾರೆ. ಹೋಗದೆ ಇದ್ದರೆ... ಇಲ್ಲಿ ಎಲ್ಲರೂ ನನ್ನ ಮಾತು ಕೇಳ್ತಾರೆ, ಅಕ್ಕ, ಅಂದಳು.

ಸೂಜಿ ಬೆರಳಿಗೆ ಚುಚ್ಚಿತು.

"ಹೋಗ್ಲಾ, ಬೇಡ್ವಾ?"

"ಅಯ್ಯೋ, ಬಿಡು" ಅಂದೆ.

ಒರಗಿದ್ದವಳು ನೆಟ್ಟಗಾದಳು. ಆಮೇಲೆ ಹೋಗಿ ಅಮ್ಮನ ಜೊತೆ ಟಿವಿ ನೋಡಿದಳು. ಬಿಡು ಅಂದದ್ದಕ್ಕೆ ಗ್ರೌಂಡ್ ಸುತ್ತು ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ.

ಮಾರ್ಚ್ 22, ಭಾನುವಾರ

ಮತ್ತೆ ಗೆದ್ದೆವು, ಎರಡು–ಒಂದು. ತಳದಿಂದ ಮೇಲಕ್ಕೆ ಒಂದು ಮೆಟ್ಟಿಲು.

ಆಟ ಮುಗಿದ ಮೇಲೆ ತಂಗಿ ಸ್ಟಿಕ್ ಹಿಡಿದು ಬಸ್ಸುವನ್ನು ಆಟ ಆಡಿಸುತ್ತಿದ್ದಳು. ಎಡಕ್ಕೆ ತೋರಿಸಿ ಬಲಕ್ಕೆ. ಬಗ್ಗಿ, ಎದ್ದು, ಓಡಿ. ತೊಡೆಗೆ ಪಟ್ಟಿ ಇಲ್ಲ. ನೋವಿದ್ದ ಕಾಲಲ್ಲ ಅದು. ನೋವು ಎಷ್ಟು ದಿನದಿಂದ ಇಲ್ಲವೋ.

ಶುಕ್ರವಾರ ಕಳೆದುಹೋಯಿತು. ಅವಳು ಕ್ಯಾಂಪಿನ ಸುದ್ದಿ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಬಹುದಿತ್ತು. ಗೆದ್ದ ದಿನ ಯಾಕೆ ಅಂತ.

ಮಾರ್ಚ್ 24, ಮಂಗಳವಾರ

ಬಟ್ಟೆ ಮಡಚುತ್ತ ಅಮ್ಮ ಹೇಳಿದಳು, ಏನೋ ಹಳೆಯ ಸುದ್ದಿ ಅನ್ನುವ ಹಾಗೆ. ಸಣ್ಣವಳು ಕ್ಯಾಂಪಿಗೆ ಬರಲ್ಲ ಅಂದಳಂತೆ, ಶುಕ್ರವಾರವೇ.

ಕೈಯಲ್ಲಿದ್ದ ಟವಲ್ ಹಾಗೇ ನಿಂತಿತು. ಯಾಕೆ ತಡೆಯಲಿಲ್ಲ ಅಂದೆ.

"ನಾನ್ಯಾಕೆ ತಡೀಲಿ? ಅಕ್ಕ ಬಿಡು ಅಂದ್ಲು ಅಂತ ಅವಳೇ ಹೇಳಿದ್ಲು. ನಿಮ್ಮಿಬ್ಬರ ಆಟ ನಂಗೇನು ಗೊತ್ತು."

ನಾನು ಅಂದದ್ದು ಆ ಬಿಡು ಅಲ್ಲ. ಕ್ಯಾಂಪ್ ಬಿಡು ಅಂತ ಅಲ್ಲ. ಯೋಚನೆ ಬಿಡು, ಎಲ್ಲ ಸರಿಹೋಗುತ್ತೆ ಅಂತ. ಅಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅಮ್ಮ ಕೇಳಿಸಿಕೊಂಡಳು, ಟವಲ್ ನನ್ನ ಕೈಯಿಂದ ತೆಗೆದು ತಾನೇ ಮಡಚಿದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂದಳು, ಅಷ್ಟೇ.

ತಂಗಿ ಮನೆಯಲ್ಲಿಲ್ಲ. ಟೀಚರ್ ಮನೆಗೆ ಹೋಗಿದ್ದಾಳೆ, ಭಾನುವಾರದ ಪ್ಲಾನ್ ಬರೆಯಲು.

ಅದಕ್ಕೂ ನನ್ನೊಳಗಿನ ಒಂದು ಮೂಲೆಗೆ ಖುಷಿಯಾಯಿತು. ಬರೆಯುತ್ತಿದ್ದೇನೆ, ಯಾರೂ ಓದುವುದಿಲ್ಲವಲ್ಲ.

ಮಾರ್ಚ್ 26, ಗುರುವಾರ

ಕ್ಯಾಂಪಿಗೆ ನಾನೇ ಫೋನ್ ಮಾಡಿದೆ, ಅಂಗಡಿಯ ಹಿಂಬಾಗಿಲಲ್ಲಿ ನಿಂತು. ಮೇಡಂ ಬೈಯಲಿಲ್ಲ, ದನಿ ಮಾತ್ರ ಗಾಜಿನ ಹಾಗೆ. ಟೂರಿನ ಜಾಗದ ಬಗ್ಗೆ ಈಗ ಏನೂ ಹೇಳಲಾರೆ, ಕ್ಯಾಂಪಿನ ಹಾಸಿಗೆ ಶನಿವಾರದ ತನಕ ಇರುತ್ತದೆ ಅಂದರು. ಆದರೆ ಅಕ್ಕ, ಅಮ್ಮ, ಅಪ್ಪ ಯಾರ ಮಾತೂ ಬೇಡ. ಅವಳೇ ಫೋನ್ ಮಾಡಬೇಕು.

ಪ್ರಾಕ್ಟೀಸಿಗೆ ಎಲ್ಲರಿಗಿಂತ ಮೊದಲು ಹೋದೆ. ಟರ್ಫಿನ ಮೇಲೆ ಕೋನ್ ಇಡುತ್ತಿದ್ದಳು. ಹಿಂದೆ ಹಿಂದೆ ಹೋದೆ. ನೀನು ತಪ್ಪಾಗಿ ತಿಳಿದೆ, ನಾನು ಹಾಗೆ ಅಂದದ್ದಲ್ಲ, ಆ ಪದವೇ ದರಿದ್ರ, ನೀನೇ ಹೇಳಿದ್ದೆಯಲ್ಲ... ಒಂದೇ ಸಮ ಹೇಳಿದೆ. ಅವಳು ಕೋನ್ ಇಡುತ್ತಲೇ ಇದ್ದಳು. ಕೊನೆಯದು ಇಟ್ಟು ಎದ್ದಳು.

"ತಪ್ಪಾಗಿ ಏನೂ ಕೇಳಿಸ್ಕೊಳ್ಳಲಿಲ್ಲ, ಅಕ್ಕ. ಪದಕ್ಕೆ ಹತ್ತು ಅರ್ಥ ಇರಬಹುದು. ನಿನ್ನ ದನಿಗೆ ಒಂದೇ ಇತ್ತು."

ನೆಟ್ಟಗಿದ್ದ ಕೋನನ್ನೇ ಮತ್ತೆ ನೆಟ್ಟಗೆ ಮಾಡಿದೆ.

"ಕೋಪ ಇಲ್ಲ. ನಂಗೂ ಅದೇ ಬೇಕಿತ್ತೇನೋ. ಯಾರಾದರೂ ಒಬ್ಬರು ಹೇಳಲಿ ಅಂತ ಕಾಯ್ತಿದ್ದೆ" ಅಂದಳು.

ಅಷ್ಟರಲ್ಲಿ ಬಸ್ಸು ಬಂದಳು, ಟೀಚರ್ ಬಂದರು, ನಗು, ಗಲಾಟೆ. ಶೂಟಿಂಗ್ ಪ್ರಾಕ್ಟೀಸಿನಲ್ಲಿ ಸಾಲು ಸಾಲು ಗೋಲು ಬಿಟ್ಟೆ. ಕೂಗಲಿಲ್ಲ. ಟೀಚರ್ ಬಂದು ಹೆಲ್ಮೆಟ್ಟಿನ ಕಂಬಿಯೊಳಗೆ ಇಣುಕಿ, ಆರಾಮಿಲ್ವಾ ಅಂತ ಕೇಳಿದರು.

ಮಾರ್ಚ್ 27, ಶುಕ್ರವಾರ, ಮಧ್ಯಾಹ್ನ

ಅಂಗಡಿಯಲ್ಲಿ ಗಿರಾಕಿ ಕಡಿಮೆ. ಯಂತ್ರ ನಿಲ್ಲಿಸಿ ಬರೆಯುತ್ತಿದ್ದೇನೆ.

ಅವಳು ಹೇಳಿದ್ದು ನಿಜ. ಎಷ್ಟು ತಿರುಗಿಸಿ ನೋಡಿದರೂ ನಿಜ. ಸೂಜಿ ಚುಚ್ಚಿದ್ದು ಅವಳು ಉಳಿಯಬಹುದು ಅನ್ನಿಸಿದ ಕ್ಷಣಕ್ಕೆ. ಆ ಬಿಡು ಅನ್ನುವ ಪದದೊಳಗೆ ಮೂರು ಮ್ಯಾಚ್ ಇತ್ತು, ಟರ್ಫ್ ಇತ್ತು, ಮನೆಗೆ ಬರುವ ದಾರಿಯಲ್ಲಿ ಅವಳ ಮಾತು ಇತ್ತು. ಅವಳ ಟೂರ್ ಇರಲಿಲ್ಲ. ಊರಿಗೆಲ್ಲ ಒಂದು ಪದಕ್ಕೆ ಒಂದೇ ಅರ್ಥ ಅಂತ ಕೂಗಿಕೊಂಡು ಓಡಾಡಿದವಳು ನಾನು. ಮನೆಯಲ್ಲಿ ಬೇಕಾದಾಗ ಬೇಕಾದ ಅರ್ಥದ ಹಿಂದೆ ಅವಿತುಕೊಂಡೆ.

ಕ್ಲಬ್ಬಿಗೆ ದೊಡ್ಡವರ ಆಟದಿಂದ ಏನು ಬೇಕಿತ್ತೋ ಎಲ್ಲ ಕೊಟ್ಟಳು. ಅಷ್ಟು ಸಾಕು ಅನ್ನಬೇಕಿತ್ತು. ಇನ್ನೂ ಬೇಕು ಅನ್ನಿಸಿತು, ಅವಳೇ ಬೇಕು ಅನ್ನಿಸಿತು.

ಸಂಜೆ ಹೇಳುತ್ತೇನೆ. ಎರಡೇ ಅಕ್ಷರ. ಹೋಗು.

ಅದೇ ದಿನ, ಸಂಜೆ

ಹೇಳಿದೆ. ಚಪ್ಪಲಿ ಕಳಚುವ ಮೊದಲೇ ಹೇಳಿದೆ, ಆಮೇಲೆ ಧೈರ್ಯ ಇರುವುದಿಲ್ಲ ಅಂತ.

ಮಂಚದ ಮೇಲೆ ಕೂತಿದ್ದಳು, ಬಸ್ಸುವಿನ ಹರಿದ ಗ್ಲೌಸ್ ಸರಿ ಮಾಡುತ್ತ. ತಲೆ ಎತ್ತಲಿಲ್ಲ.

"ಇದು ಅಕ್ಕ ಹೇಳ್ತಿರೋದಾ, ಗೋಲ್‌ಕೀಪರ್ ಹೇಳ್ತಿರೋದಾ?"

"ಅಕ್ಕ."

"ಗೋಲ್‌ಕೀಪರ್ ಏನಂತಾಳೆ?"

"ಅವಳು ನಿನ್ನ ಕಾಲು ಹಿಡ್ಕೊಂಡು ಕೂತಿದ್ದಾಳೆ. ಅವಳ ಮಾತು ಕೇಳಬೇಡ."

ನಕ್ಕಳು. ನಗುತ್ತ ನಗುತ್ತ ಅಳು ಬಂತು, ನನಗೂ ಬಂತು. ಹೆಲ್ಮೆಟ್ ಇರಲಿಲ್ಲ. ಆ ಬುಧವಾರವೇ ಹೇಳಿದ್ದರೆ ಅಂತ ಅವಳು ಅನ್ನಲಿಲ್ಲ. ಅನ್ನದೆ ಇದ್ದದ್ದು ನನಗೆ ಕೇಳಿಸಿತು. ಬಾಲ್ಕನಿಗೆ ಹೋಗಿ ಫೋನ್ ಮಾಡಿದಳು, ಬಾಗಿಲು ಹಾಕಿಕೊಂಡು. ಗಾಜಿನಾಚೆ ಬೆನ್ನು ಮಾತ್ರ ಕಾಣುತ್ತಿತ್ತು. ತಲೆ ಆಡಿಸಿದಳು, ಮತ್ತೆ ಆಡಿಸಿದಳು. ಒಳಗೆ ಬಂದು, ನಾಳೆ ಬೆಳಿಗ್ಗೆಯ ರೈಲಿಗೆ ಹೊರಡ್ತೀನಿ ಅಂದಳು. ಟೂರಿನ ಮಾತು ನಾನು ಕೇಳಲಿಲ್ಲ.

ಅಮ್ಮ ಬ್ಯಾಗಿಗೆ ಏನೇನೋ ತುಂಬಿದಳು. ಅವಳು ತೆಗೆದಳು. ಅಮ್ಮ ಮತ್ತೆ ತುಂಬಿದಳು.

ಮಾರ್ಚ್ 29, ಭಾನುವಾರ, ಮಧ್ಯಾಹ್ನ 2

ಇವತ್ತಿನ ಮ್ಯಾಚ್ ನಮಗಿಂತ ಒಂದೇ ಮೆಟ್ಟಿಲು ಕೆಳಗಿರುವವರ ಮೇಲೆ. ಸೋತರೆ ಮತ್ತೆ ತಳಕ್ಕೆ. ಟೀಚರ್ ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್. ಯಾರು ಯಾವಾಗ ಹೊರಗೆ ಬರಬೇಕು ಅಂತ ತಾವೇ ಪಟ್ಟಿ ಮಾಡಿದ್ದಾರೆ, ಮೊದಲ ಹೆಸರು ತಮ್ಮದೇ. ನಾನು ಹೂಂ ಅಂದೆ. ಸಣ್ಣವಳು ತಲುಪಿದಳಾ ಅಂದರು. ತಲುಪಿದಳು ಅಂದೆ.

ಅವಳ ಮೆಸೇಜ್ ಬಂದು ಅರ್ಧ ಗಂಟೆಯಾಯಿತು. ಟೂರಿನ ಜಾಗ ಮಂಗಳವಾರವೇ ತುಂಬಿತಂತೆ. ಬೇರೆ ಹುಡುಗಿ. ತಾನು ಕ್ಯಾಂಪಿನಲ್ಲಿ ಇರಬಹುದು, ಆದರೆ ಟೂರಿಗೆ ಇಲ್ಲ. ಮುಂದಿನದು ಯಾವಾಗ ಅಂತ ಯಾರೂ ಹೇಳುತ್ತಿಲ್ಲ. ಕೊನೆಗೆ — ಏನು ಮಾಡಲಿ ಅಕ್ಕ. ಅಮ್ಮನಿಗೆ ಹೇಳಬೇಡ.

ಮತ್ತೆ ನನ್ನನ್ನೇ ಕೇಳುತ್ತಾಳೆ. ಇಷ್ಟಾದ ಮೇಲೂ.

ಕ್ಷಮಿಸು ಅಂತ ಬರೆದೆ. ಅಳಿಸಿದೆ. ಅದು ಅವಳು ಕೇಳಿದ್ದಕ್ಕೆ ಉತ್ತರವಲ್ಲ. ಬಂದುಬಿಡು ಅಂತ ಬರೆದೆ — ಎಷ್ಟು ಬೇಗ ಬರೆದೆನೆಂದರೆ ಬೆರಳಿಗೆ ಮೊದಲೇ ಗೊತ್ತಿದ್ದ ಹಾಗೆ. ಕಳಿಸುವ ಗುರುತಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೂತಿದ್ದೆ. ಹೆದರಿಕೆಯಾಯಿತು, ನನ್ನ ಬಗ್ಗೆಯೇ. ಅದನ್ನೂ ಅಳಿಸಿದೆ.

ಕೆಳಗೆ ಬಸ್ಸು ಸ್ಕೂಟರ್ ಹಾರ್ನ್ ಹಾಕುತ್ತಿದ್ದಾಳೆ. ಅಮ್ಮ, ಕಿವಿ ಕೇಳಲ್ವಾ ನಿಂಗೆ ಅನ್ನುತ್ತಿದ್ದಾಳೆ. ಹೋಗುವ ಮೊದಲು ಕಳಿಸಬೇಕು. ಅಲ್ಲೇ ಇರು ಅಂತ ಬರೆಯಬೇಕು. ಇಲ್ಲಿ ನಿನ್ನ ದಾರಿ ಕಾಯುವವರು ಎಷ್ಟೇ ಇದ್ದರೂ, ನಾನೇ ಕಾಯುತ್ತಿದ್ದರೂ, ನೀನು ಅಲ್ಲೇ...